ಮಹಾಮಠದ ಊರು ಕ್ಲೂನಿ

ಫ್ರಾನ್ಸ್ ದೇಶವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಬರುವುದು ಪ್ಯಾರಿಸ್ ಮಹಾನಗರ, ಅಲ್ಲಿನ ಐಫೆಲ್ ಗೋಪುರ, ಜಗತ್ಪ್ರಸಿದ್ಧ ಚಿತ್ರಶಾಲೆಗಳು. ಆದರೆ ಒಂಬೈನೂರು ವರ್ಷಗಳ ಹಿಂದೆ ಪಶ್ಚಿಮ ಯೂರೋಪಿನ ಅರಸರೂ ಧರ್ಮಾಧಿಕಾರಿಗಳೂ ಯಾತ್ರಿಕರೂ ಗೌರವದಿಂದ ಹೆಸರು ಹೇಳುತ್ತಿದ್ದ ಒಂದು ಊರು ಆ ದೇಶದ ಪೂರ್ವಭಾಗದ ಬರ್ಗಂಡಿ ಸೀಮೆಯಲ್ಲಿದೆ. ಅದರ ಹೆಸರು ಕ್ಲೂನಿ. ಇಂದು ಅಲ್ಲಿನ ಜನಸಂಖ್ಯೆ ಸುಮಾರು ಐದು ಸಾವಿರ ಮಾತ್ರ. ಹಸಿರು ಗುಡ್ಡಗಳ ನಡುವೆ, ಗ್ರೋನ್ ಎಂಬ ಚಿಕ್ಕ ಹೊಳೆಯ ದಂಡೆಯ ಮೇಲೆ, ಹೆಂಚಿನ ಮಾಡುಗಳ ಮಧ್ಯದಿಂದ ಕೆಲವು ಹಳೆಯ ಗೋಪುರಗಳು ತಲೆಯೆತ್ತಿ ನಿಂತಿರುವ ಶಾಂತ ಪಟ್ಟಣವದು.

ಪ್ಯಾರಿಸ್ಸಿನಿಂದ ವೇಗದ ರೈಲಿನಲ್ಲಿ ಹೊರಟರೆ ಎರಡು ಗಂಟೆಯೊಳಗೆ ಮಾಕೋಂ ನಗರವನ್ನು ತಲುಪಬಹುದು. ಅಲ್ಲಿಂದ ವಾಯವ್ಯಕ್ಕೆ ಸುಮಾರು 25 ಕಿಲೋಮೀಟರ್ ರಸ್ತೆಯಲ್ಲಿ ಸಾಗಿದರೆ ಕ್ಲೂನಿ. ಈ ಪುಟ್ಟ ಊರಿನ ಚರಿತ್ರೆಯೆಂದರೆ ಒಂದು ಮಠದ ಚರಿತ್ರೆ. ಆ ಮಠ ಹುಟ್ಟಿದ ಬಗೆ, ಬೆಳೆದ ಬಗೆ, ಕೊನೆಗೆ ಊರವರ ಕಣ್ಣೆದುರಿನಲ್ಲೇ ಕಲ್ಲುಕಲ್ಲಾಗಿ ಮಾರಾಟವಾಗಿಹೋದ ಬಗೆ, ಇವೆಲ್ಲವೂ ಪೂರ್ವಜರು ಕಟ್ಟಿಕೊಟ್ಟ ಪುಣ್ಯಸ್ಥಾನಗಳನ್ನು ನಂಬಿ ಬಾಳುವ ಯಾವ ಸಮಾಜಕ್ಕಾದರೂ ವಿಚಾರಾರ್ಹವಾದುವು.

ಒಂದು ದಾನಪತ್ರದ ಮಹಿಮೆ

ಕ್ರಿ.ಶ. 910ರಲ್ಲಿ ಅಕ್ವಿಟೇನಿನ ಪ್ರಭುವಾಗಿದ್ದ ಒಂದನೆಯ ವಿಲಿಯಮ್ ಎಂಬಾತನು ತನ್ನ ಕ್ಲೂನಿಯ ಜಹಗೀರಿಯನ್ನು ಮಠ ಸ್ಥಾಪನೆಗಾಗಿ ದಾನಮಾಡಿದನು. ಧರ್ಮಶ್ರದ್ಧೆಯುಳ್ಳವನೆಂಬ ಕಾರಣದಿಂದ ಅವನನ್ನು ಚರಿತ್ರೆ ‘ಧರ್ಮಿಷ್ಠ ವಿಲಿಯಮ್’ ಎಂದು ಕರೆದಿದೆ. ಮಠಕ್ಕೆ ಸ್ಥಳವನ್ನು ಆರಿಸಿಕೊಳ್ಳಬೇಕೆಂದು ಆತನು ಬೆರ್ನೋ ಎಂಬ ಹಿರಿಯ ಸನ್ಯಾಸಿಯನ್ನು ಕೇಳಿದಾಗ ಬೆರ್ನೋ ಕ್ಲೂನಿಯನ್ನೇ ಕೇಳಿದನಂತೆ. ಅದು ಪ್ರಭುವಿಗೆ ಅಚ್ಚುಮೆಚ್ಚಿನ ಬೇಟೆಯ ತಾಣ. ಬೇಟೆನಾಯಿಗಳಿಗೆ ಅಲ್ಲಿ ಲಾಯ ಕಟ್ಟಿಸಲಾಗಿತ್ತು. ಪ್ರಭು ಹಿಂದೆಮುಂದೆ ನೋಡಿದಾಗ, ನಾಯಿಗಳನ್ನು ಹೊರಗಟ್ಟಿ ಸನ್ಯಾಸಿಗಳನ್ನು ಒಳಗೆ ಕರೆದುಕೊಂಡರೆ ಭಗವಂತನಲ್ಲಿ ಯಾವುದರ ಫಲ ಹೆಚ್ಚೆಂಬುದನ್ನು ತಾವೇ ಯೋಚಿಸಬಹುದೆಂದು ಬೆರ್ನೋ ನಯವಾಗಿ ತಿಳಿಸಿದನೆಂದು ಐತಿಹ್ಯವುಂಟು.

ಕಥೆಗಿಂತ ಮಿಗಿಲಾದುದು ಆ ದಾನಪತ್ರದಲ್ಲಿರುವ ಷರತ್ತುಗಳು. ಈ ಮಠದ ಆಸ್ತಿ ಸಂತ ಪೀಟರ್ ಮತ್ತು ಸಂತ ಪಾಲರಿಗೆ ಸೇರಿದುದು. ದಾನಿಯಾಗಲಿ, ದಾನಿಯ ವಂಶಸ್ಥರಾಗಲಿ, ಅರಸನಾಗಲಿ, ಬಿಷಪ್ಪನಾಗಲಿ, ಸ್ವತಃ ರೋಮಿನ ಪೋಪರಾಗಲಿ ಅದರ ಮೇಲೆ ಕೈಹಾಕಕೂಡದು. ಬೆರ್ನೋವಿನ ನಂತರ ಮಠಾಧಿಪತಿಯನ್ನು ಸನ್ಯಾಸಿಗಳೇ ಆರಿಸಿಕೊಳ್ಳಬೇಕು. ರೋಮಿನ ದೀಪಸೇವೆಗಾಗಿ ಐದು ವರ್ಷಕ್ಕೊಮ್ಮೆ ಹತ್ತು ಚಿನ್ನದ ನಾಣ್ಯಗಳನ್ನು ಸಲ್ಲಿಸಿದರೆ ಸಾಕು. ಮತ್ತು ಬಡವರಿಗೆ, ಪರಸ್ಥಳದವರಿಗೆ, ಯಾತ್ರಿಕರಿಗೆ ನಿತ್ಯವೂ ಸೇವೆ ನಡೆಯಬೇಕು.

ಈ ಷರತ್ತುಗಳ ಬೆಲೆ ತಿಳಿಯಬೇಕಾದರೆ ಆ ಕಾಲದ ಸ್ಥಿತಿಯನ್ನು ನೆನೆಯಬೇಕು. ಅಂದಿನ ಯೂರೋಪಿನಲ್ಲಿ ಮಠವನ್ನು ಕಟ್ಟಿಸಿದ ಪಾಳೆಯಗಾರನು ಅದನ್ನು ತನ್ನ ಮನೆಯ ಸ್ವತ್ತೆಂದೇ ಭಾವಿಸುತ್ತಿದ್ದನು. ತನ್ನ ತಮ್ಮನನ್ನೋ ಮಗನನ್ನೋ ಅಧಿಪತಿಯ ಪೀಠದಲ್ಲಿ ಕೂರಿಸಿ ಉತ್ಪನ್ನವನ್ನು ತಾನು ಉಣ್ಣುತ್ತಿದ್ದನು. ಕ್ಲೂನಿಗೆ ಅಂತಹ ಒಡೆಯನಿರಲಿಲ್ಲ. ಹನ್ನೆರಡು ಮಂದಿ ಸನ್ಯಾಸಿಗಳಿಂದ ಮೊದಲಾಯಿತೆನ್ನಲಾದ ಆ ಮಠ ಎರಡು ಶತಮಾನಗಳಲ್ಲಿ ಆಲದ ಮರದಂತೆ ಹಬ್ಬಿದುದಕ್ಕೆ ಈ ಸ್ವಾತಂತ್ರ್ಯವೇ ಬೇರು.

ಮೌನ, ಪ್ರಾರ್ಥನೆ, ಅನ್ನದಾನ

ಕ್ಲೂನಿಯ ಸನ್ಯಾಸಿಗಳು ಆರನೆಯ ಶತಮಾನದ ಸಂತ ಬೆನೆಡಿಕ್ಟನು ವಿಧಿಸಿದ ನಿಯಮವನ್ನು ಅನುಸರಿಸುತ್ತಿದ್ದರು. ದಿನದ ಬಹುಭಾಗ ಸಾಮೂಹಿಕ ಸ್ತೋತ್ರಗಾನದಲ್ಲಿ ಕಳೆಯುತ್ತಿತ್ತು. ಉಳಿದ ವೇಳೆಯಲ್ಲಿ ಮೌನವೇ ನಿಯಮ. ಚರ್ಚಿನಲ್ಲಿ, ಊಟದ ಮನೆಯಲ್ಲಿ, ಮಲಗುವ ಕೋಣೆಯಲ್ಲಿ ಮಾತಾಡುವಂತಿರಲಿಲ್ಲ. ಅಗತ್ಯಬಿದ್ದಾಗ ಕೈಸನ್ನೆಗಳಿಂದ ವ್ಯವಹರಿಸುತ್ತಿದ್ದರು. ಎರಡೂ ಕೈಗಳ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳುಗಳನ್ನು ಸೇರಿಸಿ ವೃತ್ತ ಮಾಡಿದರೆ ರೊಟ್ಟಿ. ನೀರಿನಲ್ಲಿ ಬಾಲ ಬಡಿಯುವಂತೆ ಕೈಯಾಡಿಸಿದರೆ ಮೀನು. ಹೊಸದಾಗಿ ಸೇರಿದ ಎಳೆಯರು ಪ್ರಾರ್ಥನೆಯ ಪಾಠದೊಡನೆ ಈ ಸನ್ನೆಗಳ ಪಾಠವನ್ನೂ ಕಲಿಯಬೇಕಾಗುತ್ತಿತ್ತು.

ಅನ್ನದಾನಕ್ಕೆ ಮಠದಲ್ಲಿ ಮಹತ್ತ್ವದ ಸ್ಥಾನವಿತ್ತು. ಹದಿನೆಂಟು ಮಂದಿ ಬಡವರನ್ನು ಮಠವೇ ಸದಾಕಾಲ ಇರಿಸಿಕೊಂಡು ಸಲಹುತ್ತಿತ್ತು. ಸನ್ಯಾಸಿಯೊಬ್ಬನು ತೀರಿಕೊಂಡರೆ ಅವನ ಪಾಲಿನ ಊಟವನ್ನು ಮೂವತ್ತು ದಿನಗಳ ಕಾಲ ಒಬ್ಬ ಬಡವನಿಗೆ ಕೊಡುವುದು ಪದ್ಧತಿ. ಹನ್ನೊಂದನೆಯ ಶತಮಾನದ ಕೊನೆಯ ಭಾಗದಲ್ಲಿ ಉಲ್ರಿಚ್ ಎಂಬ ಸನ್ಯಾಸಿ ಮಠದ ಆಚಾರಗಳನ್ನು ಬರೆದಿಟ್ಟಿದ್ದಾನೆ. ಒಂದು ವರ್ಷ ಉಪವಾಸದ ಕಾಲ ಆರಂಭವಾಗುವ ಮುನ್ನ 17,000 ಮಂದಿ ಬಡವರಿಗೆ ಆಹಾರ ಹಂಚಲಾಯಿತೆಂದು ಅವನು ದಾಖಲಿಸಿದ್ದಾನೆ.

ಗತಿಸಿದ ಎಲ್ಲ ಆತ್ಮಗಳ ಸದ್ಗತಿಗಾಗಿ ಪ್ರಾರ್ಥಿಸುವ ದಿನವೊಂದನ್ನು ನವೆಂಬರ್ 2ರಂದು ಗೊತ್ತುಪಡಿಸಿದವನೂ ಕ್ಲೂನಿಯ ಮಠಾಧಿಪತಿಯೇ. ಅವನ ಹೆಸರು ಓಡಿಲೋ. ಕ್ಲೂನಿಯಲ್ಲಿ ಮೊದಲಾದ ಆ ಆಚರಣೆ ಕಾಲಕ್ರಮದಲ್ಲಿ ರೋಮನ್ ಕ್ಯಾಥೊಲಿಕ್ ಪ್ರಪಂಚವನ್ನೆಲ್ಲ ವ್ಯಾಪಿಸಿತು. ಇಂದಿಗೂ ಆ ದಿನ ಲಕ್ಷಾಂತರ ಕುಟುಂಬಗಳು ತಮ್ಮ ಹಿರಿಯರ ಸಮಾಧಿಗಳಿಗೆ ಹೂವು ಏರಿಸುತ್ತವೆ.

ದೀರ್ಘಾಯುಷಿ ಗುರುಗಳು

ಕ್ಲೂನಿಯ ಅಭ್ಯುದಯಕ್ಕೆ ಮತ್ತೊಂದು ಕಾರಣ ಅಲ್ಲಿನ ಮಠಾಧಿಪತಿಗಳ ಯೋಗ್ಯತೆ ಮತ್ತು ದೀರ್ಘಾಯುಷ್ಯ. ಓಡಿಲೋ 994ರಿಂದ 1049ರವರೆಗೆ, ಅವನ ಉತ್ತರಾಧಿಕಾರಿ ಹ್ಯೂ 1049ರಿಂದ 1109ರವರೆಗೆ ಪೀಠದಲ್ಲಿದ್ದರು. ಇಬ್ಬರೇ ಸೇರಿ 115 ವರ್ಷಗಳ ಕಾಲ ಒಂದು ಸಂಸ್ಥೆಯನ್ನು ನಡೆಸಿದುದು ಸಾಮಾನ್ಯವೇನಲ್ಲ.

ಇವರಿಗೂ ಮುಂಚಿನ ಮಾಯೂಲ್ ಎಂಬ ಅಧಿಪತಿಗೆ ಪೋಪ್ ಪದವಿ ಒದಗಿಬಂದಾಗ ಆತನು ಅದನ್ನು ನಿರಾಕರಿಸಿ ತನ್ನ ಮಠದಲ್ಲೇ ಉಳಿದನು. 972ರಲ್ಲಿ ಆಲ್ಪ್ಸ್ ಪರ್ವತದ ಕಣಿವೆಯಲ್ಲಿ ದಾಳಿಕೋರರು ಅವನನ್ನು ಸೆರೆಹಿಡಿದಾಗ ಸನ್ಯಾಸಿಗಳು ಹೇರಳ ಹಣ ಒಟ್ಟುಮಾಡಿ ಬಿಡಿಸಿಕೊಂಡು ಬಂದರು. ಓಡಿಲೋವಿನ ಕಾಲದಲ್ಲಿ ಭೀಕರ ಕ್ಷಾಮ ತಲೆದೋರಿದಾಗ ಆತನು ಮಠದ ಪೂಜಾಪಾತ್ರೆಗಳನ್ನೇ ಕರಗಿಸಿ, ಚಕ್ರವರ್ತಿ ಕಾಣಿಕೆಯಾಗಿ ಕೊಟ್ಟಿದ್ದ ಚಿನ್ನವನ್ನೂ ಬಿಡದೆ ಬಡವರ ಹೊಟ್ಟೆಗೆ ವಿನಿಯೋಗಿಸಿದನೆಂದು ಅವನ ಚರಿತ್ರಕಾರನು ಹೇಳುತ್ತಾನೆ. ಹ್ಯೂ ರಾಜಕಾರಣದಲ್ಲೂ ನುರಿತವನು. 1077ರಲ್ಲಿ ಪೋಪ್ ಏಳನೆಯ ಗ್ರೆಗೊರಿಗೂ ಜರ್ಮನಿಯ ಅರಸ ನಾಲ್ಕನೆಯ ಹೆನ್ರಿಗೂ ಇಟಲಿಯ ಕನೊಸ್ಸಾ ಕೋಟೆಯಲ್ಲಿ ರಾಜಿಯಾದಾಗ ನಡುವೆ ನಿಂತವರಲ್ಲಿ ಹ್ಯೂ ಒಬ್ಬನು. ಹೆನ್ರಿಯ ನಾಮಕರಣದ ವೇಳೆ ಧರ್ಮಪಿತನಾಗಿ ನಿಂತವನೂ ಅವನೇ.

ಹ್ಯೂವಿನ ಕಾಲ ಮುಗಿಯುವ ಹೊತ್ತಿಗೆ ಫ್ರಾನ್ಸ್, ಇಟಲಿ, ಸ್ಪೇನ್, ಜರ್ಮನಿ, ಇಂಗ್ಲೆಂಡುಗಳಲ್ಲಿ ಒಟ್ಟು ಸಾವಿರದಷ್ಟು ಮಠಗಳು ಕ್ಲೂನಿಯನ್ನು ತಾಯಿಮಠವೆಂದು ಒಪ್ಪಿಕೊಂಡಿದ್ದವು.

ಆಕಾಶಕ್ಕೆ ಏರಿದ ಗೋಪುರಗಳು

ಸನ್ಯಾಸಿಗಳ ಸಂಖ್ಯೆ ಬೆಳೆದಂತೆ ಮಠದ ಚರ್ಚು ಸಾಲದಾಯಿತು. ಮೊದಲು ಕಟ್ಟಿದ್ದು ಚಿಕ್ಕದು, ಎರಡನೆಯದು ಸ್ವಲ್ಪ ದೊಡ್ಡದು. 1088ರಲ್ಲಿ ಹ್ಯೂ ಮೂರನೆಯದಕ್ಕೆ ಅಸ್ತಿಭಾರ ಹಾಕಿಸಿದನು. ಗುಂಜೋ ಎಂಬ ವೃದ್ಧ ಸನ್ಯಾಸಿ ಪಾರ್ಶ್ವವಾಯುವಿನಿಂದ ಮಲಗಿದ್ದಾಗ ಸಂತರು ಕನಸಿನಲ್ಲಿ ಕಾಣಿಸಿಕೊಂಡು ಹಗ್ಗದಿಂದ ನೆಲವನ್ನು ಅಳೆದು ತೋರಿಸಿದರೆಂದೂ, ಬೆಳಗಾದೊಡನೆ ಅವನು ಎದ್ದು ನಡೆದು ಹ್ಯೂವಿಗೆ ಆ ಅಳತೆಯನ್ನು ತಿಳಿಸಿದನೆಂದೂ ಪ್ರತೀತಿ.

ಆ ಕಟ್ಟಡದ ಉದ್ದ 187 ಮೀಟರ್. ಒಳಗಿನ ಕಮಾನು ಛಾವಣಿ ನೆಲದಿಂದ ಸುಮಾರು 30 ಮೀಟರ್ ಎತ್ತರದಲ್ಲಿತ್ತು. ನಡುವಿನ ಅಂಕಣದ ಇಬ್ಬದಿಯಲ್ಲಿ ಎರಡೆರಡು ಪಕ್ಕದ ಅಂಕಣಗಳು. ಅಡ್ಡಲಾಗಿ ಚಾಚಿದ ತೋಳುಗಳು ಒಂದರ ಹಿಂದೆ ಒಂದು, ಎರಡು ಜೊತೆ. ಮೇಲೆ ಗೋಪುರಗಳ ಸಾಲು. ಹದಿನಾರನೆಯ ಶತಮಾನದಲ್ಲಿ ರೋಮಿನ ಸಂತ ಪೀಟರನ ಚರ್ಚನ್ನು ಮರಳಿ ಕಟ್ಟಲು ತೊಡಗುವವರೆಗೆ ಕ್ರೈಸ್ತ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಚರ್ಚು ಇರಲಿಲ್ಲ. 1095ರ ಅಕ್ಟೋಬರ್ 25ರಂದು ಇದರ ಪ್ರಧಾನ ವೇದಿಕೆಯನ್ನು ಪೋಪ್ ಎರಡನೆಯ ಅರ್ಬನ್ ಪ್ರತಿಷ್ಠಾಪಿಸಿದನು. ಆತನು ಹಿಂದೆ ಇದೇ ಮಠದಲ್ಲಿ ಸನ್ಯಾಸಿಯಾಗಿದ್ದವನು. 1125ರಲ್ಲಿ ಛಾವಣಿಯ ಒಂದು ಭಾಗ ಕುಸಿಯಿತು. ಅದನ್ನು ಸರಿಪಡಿಸಿ 1130ರಲ್ಲಿ ಇಡೀ ಚರ್ಚಿನ ಪ್ರತಿಷ್ಠೆ ನೆರವೇರಿತು.

ಇಷ್ಟು ದೊಡ್ಡ ಕಾರ್ಯಕ್ಕೆ ಹಣ ಎಲ್ಲಿಂದ ಬಂತು? ದೊಡ್ಡ ಪಾಲು ಬಂದುದು ಸ್ಪೇನಿನಿಂದ. ಅಲ್ಲಿನ ಲಿಯೋನ್ ಮತ್ತು ಕ್ಯಾಸ್ಟೀಲ್ ರಾಜ್ಯದ ಅರಸ ಆರನೆಯ ಅಲ್ಫೊನ್ಸೋ ವರ್ಷಕ್ಕೆ 2,000 ಚಿನ್ನದ ನಾಣ್ಯಗಳನ್ನು ಕಳುಹಿಸುವುದಾಗಿ ಮಾತುಕೊಟ್ಟಿದ್ದನು. ಮುಸ್ಲಿಂ ಸಂಸ್ಥಾನಗಳು ಅವನಿಗೆ ತೆರುತ್ತಿದ್ದ ಕಪ್ಪದ ಚಿನ್ನವೇ ಬರ್ಗಂಡಿಯಲ್ಲಿ ಕಲ್ಲಿನ ಕಮಾನಾಗಿ ಎದ್ದಿತೆನ್ನಬಹುದು. ಆದರೆ ಆ ಕಪ್ಪ ನಿಂತುಹೋದಾಗ ಕಟ್ಟಡದ ಸಾಲ ಮಠದ ತಲೆಯ ಮೇಲೆ ಉಳಿಯಿತು.

ಸಿರಿಯೊಡನೆ ಬಂದ ಟೀಕೆ

ಸಿರಿ ಹೆಚ್ಚಿದಂತೆ ಟೀಕೆಯೂ ಹೆಚ್ಚಿತು. ಬರ್ಗಂಡಿಯವನೇ ಆದ ಸಂತ ಬರ್ನಾರ್ಡನು 1125ರ ಸುಮಾರಿಗೆ ಬರೆದ ಕೃತಿಯೊಂದರಲ್ಲಿ ಕ್ಲೂನಿಯ ಸಂಪ್ರದಾಯದ ಮಠಗಳ ಊಟೋಪಚಾರಗಳನ್ನೂ, ಚರ್ಚುಗಳ ಅತಿಯಾದ ಅಲಂಕಾರವನ್ನೂ ಕಟುವಾಗಿ ಖಂಡಿಸಿದನು. ಚರ್ಚಿನ ಗೋಡೆಗಳು ಚಿನ್ನದಿಂದ ಹೊಳೆಯುವಾಗ ಬಡವನು ಬರಿಮೈಯಲ್ಲಿ ನಿಂತಿದ್ದಾನೆಂಬುದು ಅವನ ಆಕ್ಷೇಪಣೆಯ ತಿರುಳು.

ಆಗ ಪೀಠದಲ್ಲಿದ್ದವನು ‘ಪೂಜ್ಯ’ನೆಂದು ಹೆಸರಾದ ಪೀಟರ್. 1122ರಿಂದ 1156ರವರೆಗೆ ಮಠವನ್ನು ನಡೆಸಿದ ಆತನು ಟೀಕೆಗೆ ಸಮಾಧಾನದಿಂದ ಉತ್ತರಿಸಿದುದಲ್ಲದೆ ನಿಯಮಗಳನ್ನೂ ಬಿಗಿಗೊಳಿಸಿದನು. ಗತಿಸಿದ ಸನ್ಯಾಸಿಗಳ ಹೆಸರಿನಲ್ಲಿ ನಡೆಯುತ್ತಿದ್ದ ಅನ್ನದಾನ ತಲೆಮಾರಿನಿಂದ ತಲೆಮಾರಿಗೆ ಬೆಳೆದು, ಬದುಕಿರುವವರಿಗೇ ಧಾನ್ಯ ಸಾಲದಂತಾಗಿತ್ತು. ಅದನ್ನು ದಿನಕ್ಕೆ ಐವತ್ತು ಮಂದಿಗೆ ಮಿತಿಗೊಳಿಸಬೇಕಾದ ಕಠಿಣ ನಿರ್ಧಾರವನ್ನು ಅವನೇ ಕೈಗೊಂಡನು. ಪಂಡಿತನೂ ದಯಾಳುವೂ ಆಗಿದ್ದ ಈ ಪೀಟರನ ಪ್ರೇರಣೆಯಿಂದಲೇ 1143ರಲ್ಲಿ ಕುರಾನ್ ಮೊದಲ ಬಾರಿಗೆ ಲ್ಯಾಟಿನ್ ಭಾಷೆಗೆ ಅನುವಾದವಾಯಿತು. ಅದರ ವಾದಗಳನ್ನು ಖಂಡಿಸುವುದು ಅವನ ಉದ್ದೇಶವಾಗಿತ್ತಾದರೂ, ಖಂಡಿಸುವ ಮೊದಲು ಓದಬೇಕೆಂಬ ವಿವೇಕ ಅವನಲ್ಲಿತ್ತು. ಧರ್ಮಾಧಿಕಾರಿಗಳ ಆಗ್ರಹಕ್ಕೆ ಗುರಿಯಾಗಿ ನೊಂದು ಬಂದ ಪ್ರಸಿದ್ಧ ದಾರ್ಶನಿಕ ಅಬೆಲಾರ್ಡನಿಗೆ ಆಶ್ರಯವಿತ್ತವನೂ ಆತನೇ. 1142ರಲ್ಲಿ ಅಬೆಲಾರ್ಡನು ಕ್ಲೂನಿಗೆ ಸೇರಿದ ಶಾಖಾಮಠವೊಂದರಲ್ಲಿ ಶಾಂತವಾಗಿ ಕಣ್ಣುಮುಚ್ಚಿದನು.

ನಂಟು ಸಡಿಲಿದ ಕಾಲ

ಪೀಟರನ ತರುವಾಯ ಅಂತಹ ಧೀಮಂತರು ದೊರೆಯುವುದು ಕಡಿಮೆಯಾಯಿತು. 1516ರಲ್ಲಿ ಫ್ರಾನ್ಸಿನ ಅರಸನಿಗೂ ಪೋಪನಿಗೂ ಆದ ಒಪ್ಪಂದದ ಫಲವಾಗಿ ಮಠಾಧಿಪತಿಗಳನ್ನು ನೇಮಿಸುವ ಅಧಿಕಾರ ಅರಸನ ಪಾಲಾಯಿತು. ಯಾರೂ ಕೈಹಾಕಕೂಡದೆಂದು ವಿಲಿಯಮನು ಬರೆಸಿದ್ದ ಷರತ್ತು ಹೀಗೆ ಮುರಿದುಬಿದ್ದಿತು. ಮುಂದೆ ಕ್ಲೂನಿಯ ಪೀಠ ಆಸ್ಥಾನದ ದೊಡ್ಡವರಿಗೆ ಒಂದು ಆದಾಯದ ಮೂಲವಾಯಿತು. ಪ್ರಧಾನಮಂತ್ರಿಗಳಾಗಿದ್ದ ರಿಶೆಲ್ಯೂ ಮತ್ತು ಮಜಾರಿನ್ ಇಬ್ಬರೂ ಹೆಸರಿಗೆ ಕ್ಲೂನಿಯ ಅಧಿಪತಿಗಳು. ಊರ ಸುತ್ತಲಿನ ಹೊಲಗಳಿಂದ ಬಂದ ಹುಟ್ಟುವಳಿ ಊರನ್ನು ಬಿಟ್ಟು ಹೋಗತೊಡಗಿತು. ನಡುವೆ 1562ರಲ್ಲಿ ಕ್ರೈಸ್ತರ ಎರಡು ಪಂಥಗಳ ಅಂತರ್ಯುದ್ಧದಲ್ಲಿ ಮಠ ಲೂಟಿಯಾಗಿ ಗ್ರಂಥಭಂಡಾರಕ್ಕೆ ಭಾರೀ ಹಾನಿ ತಟ್ಟಿತು.

ಹದಿನೆಂಟನೆಯ ಶತಮಾನದ ಕೊನೆಗೆ ಮಠದಲ್ಲಿ ಉಳಿದಿದ್ದವರು ಕೆಲವೇ ಹತ್ತಾರು ಮಂದಿ. ಸುತ್ತಲ ರೈತರ ಪಾಲಿಗೆ ಮಠವೆಂದರೆ ಗೇಣಿ ವಸೂಲು ಮಾಡುವ ಧಣಿ. 1789ರ ಜುಲೈ ಕೊನೆಯಲ್ಲಿ, ಕ್ರಾಂತಿಯ ಮೊದಲ ದಿನಗಳಲ್ಲಿ, ಸಿಟ್ಟಿಗೆದ್ದ ಹಳ್ಳಿಗರ ಗುಂಪು ಕ್ಲೂನಿಯ ಮೇಲೆ ಏರಿಬಂದಿತು. ಪಟ್ಟಣದವರು ಅಂದು ಒಗ್ಗೂಡಿ ಅವರನ್ನು ಹಿಮ್ಮೆಟ್ಟಿಸಿದರು. ಹೊರಗಿನವರಿಂದ ಅಂದು ಉಳಿದುಕೊಂಡ ಮಠ ಹತ್ತು ವರ್ಷಗಳೊಳಗಾಗಿ ಕಾಗದಪತ್ರದ ವ್ಯವಹಾರದಿಂದ ಅಳಿಯಿತೆಂಬುದೇ ವಿಧಿವಿಲಾಸ.

ಇಪ್ಪತ್ತೈದು ವರ್ಷಗಳ ಒಡೆತ

1789ರ ನವೆಂಬರ್‌ನಲ್ಲಿ ಚರ್ಚಿನ ಆಸ್ತಿಗಳೆಲ್ಲ ರಾಷ್ಟ್ರದ ಸೊತ್ತೆಂದು ಘೋಷಣೆಯಾಯಿತು. 1790ರಲ್ಲಿ ಮಠಗಳನ್ನು ವಿಸರ್ಜಿಸಲಾಯಿತು. 1791ರ ಅಕ್ಟೋಬರ್ 25ರಂದು ಮಹಾಚರ್ಚಿನಲ್ಲಿ ಕೊನೆಯ ಪೂಜೆ ನಡೆಯಿತು. ಸರಿಯಾಗಿ 696 ವರ್ಷಗಳ ಹಿಂದೆ ಅದೇ ದಿನ ಅರ್ಬನನು ಅಲ್ಲಿ ವೇದಿಕೆಯನ್ನು ಪ್ರತಿಷ್ಠಾಪಿಸಿದ್ದನು. 1793ರಲ್ಲಿ ಮಠದ ದಾಖಲೆಗಳಲ್ಲಿ ಬಹಳಷ್ಟು ಬೆಂಕಿಗೆ ಆಹುತಿಯಾದವು. 1798ರಲ್ಲಿ ಸರ್ಕಾರವು ಕಟ್ಟಡವನ್ನು ಮಾಕೋಂ ನಗರದ ವ್ಯಾಪಾರಿಯೊಬ್ಬನಿಗೆ ಮಾರಿಬಿಟ್ಟಿತು.

ವ್ಯಾಪಾರಿಗೆ ಬೇಕಾಗಿದ್ದುದು ಚರ್ಚಲ್ಲ, ಅದರ ಕಲ್ಲು. ನಡು ಅಂಕಣವನ್ನು ಸೀಳಿಕೊಂಡು ಒಂದು ರಸ್ತೆ ಹೋಯಿತು. ಗೋಪುರಗಳನ್ನು ಮದ್ದಿಟ್ಟು ಉರುಳಿಸಲಾಯಿತು. 1806ರಲ್ಲಿ ನೆಪೋಲಿಯನ್ನನ ಸರ್ಕಾರ ಅಲ್ಲಿ ಕುದುರೆ ತಳಿಯ ಲಾಯವನ್ನು ಸ್ಥಾಪಿಸಿದಾಗ ಅದರ ಗೋಡೆಗಳಿಗೆ ಬಂದುದೂ ಅದೇ ಕಲ್ಲು. 1823ರವರೆಗೂ, ಎಂದರೆ ಇಪ್ಪತ್ತೈದು ವರ್ಷಗಳ ಕಾಲ, ಒಡೆಯುವ ಕೆಲಸ ನಡೆದೇ ಇತ್ತು. ನೆಪೋಲಿಯನ್ ಮಾಕೋಂ ನಗರಕ್ಕೆ ಬಂದಿದ್ದಾಗ ಕ್ಲೂನಿಯ ಪ್ರತಿನಿಧಿಗಳು ತಮ್ಮ ಊರಿಗೂ ದಯಮಾಡಿಸಬೇಕೆಂದು ಬಿನ್ನವಿಸಿಕೊಂಡರಂತೆ. ಅಂತಹ ಚರ್ಚನ್ನು ಮಾರಿ ಕೆಡವಲು ಬಿಟ್ಟವರ ಊರಿಗೆ ತಾನು ಬರುವುದಿಲ್ಲವೆಂದು ಅವನು ತಿರುಗಿ ನುಡಿದನೆಂಬ ಮಾತು ಇಂದಿಗೂ ಆ ಸೀಮೆಯಲ್ಲಿ ಪ್ರಚಲಿತವಾಗಿದೆ. ನಿಲ್ಲಿಸುವ ಅಧಿಕಾರವಿದ್ದವನೇ ಹೀಗೆ ನುಡಿದನೆಂದಾಗ ಯಾರನ್ನು ದೂರುವುದು?

ಊರವರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಯುದ್ಧ, ಹಣದುಬ್ಬರ, ನಿರುದ್ಯೋಗಗಳ ಆ ಕಾಲದಲ್ಲಿ ಒಡೆಯುವ ಕೆಲಸವೂ ಕೆಲವರಿಗೆ ಕೂಲಿಯಾಗಿತ್ತು. ಆದರೆ ಇನ್ನೂರು ಎಪ್ಪತ್ತು ವರ್ಷಗಳಿಂದ ಮಠದ ಗುರುಗಳು ಊರಿಗೆ ಅಪರಿಚಿತರಾಗಿದ್ದರು, ಅದರ ಅನ್ನದ ಮನೆ ಬಡವರಿಗೆ ದೂರವಾಗಿತ್ತು. ಜನರೊಡನೆ ನಂಟು ಕಳಚಿದ ಮೇಲೆ ಆ ಕಟ್ಟಡ ನೋಡುವವರ ಕಣ್ಣಿಗೆ ಬರಿಯ ಕಲ್ಲಿನ ರಾಶಿಯಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಇಂದು ಕಾಣಸಿಗುವುದೇನು?

ಮಹಾಚರ್ಚಿನಲ್ಲಿ ಇಂದು ಉಳಿದಿರುವುದು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ದಕ್ಷಿಣಕ್ಕೆ ಚಾಚಿದ್ದ ತೋಳೊಂದು ಮಾತ್ರ ಪೂರ್ಣವಾಗಿ ನಿಂತಿದೆ. ಅದರ ಮೇಲೆ 62 ಮೀಟರ್ ಎತ್ತರದ, ಎಂಟು ಮೂಲೆಯ ‘ತೀರ್ಥಜಲದ ಗೋಪುರ’ವಿದೆ. ಈ ಒಂದು ತೋಳಿನೊಳಗೆ ನಿಂತು ತಲೆಯೆತ್ತಿದರೆ ಕತ್ತು ನೋಯುವಷ್ಟು ಎತ್ತರ. ಇದು ಇಡೀ ಕಟ್ಟಡದ ಒಂದು ಮೂಲೆ ಮಾತ್ರವೆಂದು ತಿಳಿದಾಗ ಪ್ರವಾಸಿಗಳು ಮೂಕರಾಗುತ್ತಾರೆ. ಪಕ್ಕದಲ್ಲೇ ಹದಿನೈದನೆಯ ಶತಮಾನದ ಅಧಿಪತಿ ಜಾನ್ ಡಿ ಬೂರ್ಬೋನ್ ಕಟ್ಟಿಸಿದ ಸುಂದರವಾದ ಪ್ರಾರ್ಥನಾಮಂದಿರವಿದೆ.

ಚರ್ಚಿನ ಪಶ್ಚಿಮದ ತುದಿಯಲ್ಲಿ ಮಹಾದ್ವಾರದ ಇಕ್ಕೆಲದ ಗೋಪುರಗಳ ಬುಡಗಳು ಕಾಣುತ್ತವೆ. ಅಲ್ಲಿಂದ ಉಳಿದಿರುವ ತೋಳಿನವರೆಗೆ ನಡೆದುಹೋದರೆ ಸಾಕು, ಕಳೆದುಹೋದುದರ ಅಳತೆ ಕಾಲಿಗೇ ತಿಳಿಯುತ್ತದೆ. ನಡುವೆ ಸಿಗುವುದು ರಸ್ತೆ, ಒಂದು ವಸತಿಗೃಹ, ಅಂಗಡಿಗಳು.

ಮಠದ ಹಿಂಭಾಗದಲ್ಲಿ ಹದಿಮೂರನೆಯ ಶತಮಾನದ ಹಿಟ್ಟಿನ ಉಗ್ರಾಣವಿದೆ. ಅದರ ಮೇಲಂತಸ್ತಿನ ಮರದ ಛಾವಣಿ ದೋಣಿಯನ್ನು ಮಗುಚಿಹಾಕಿದಂತೆ ಕಾಣುತ್ತದೆ. ಅದರ ಕೆಳಗೆ ಮಹಾಚರ್ಚಿನ ಗರ್ಭಭಾಗದ ಕಂಬಗಳ ಬೋದಿಗೆಗಳನ್ನು ಅರ್ಧಚಂದ್ರಾಕಾರವಾಗಿ ಜೋಡಿಸಿದ್ದಾರೆ. ಸ್ವರ್ಗದ ನಾಲ್ಕು ನದಿಗಳು, ಹಣ್ಣಿನ ಮರಗಳು, ಸಂಗೀತದ ಎಂಟು ಸ್ವರಮಾರ್ಗಗಳನ್ನು ಸೂಚಿಸುವ ವಾದಕರು, ಇವೆಲ್ಲ ಅವುಗಳ ಮೇಲೆ ಅರಳಿವೆ. ಸ್ತೋತ್ರಗಾನವೇ ಉಸಿರಾಗಿದ್ದ ಮಠದಲ್ಲಿ ಶಿಲ್ಪಿಯ ಉಳಿಗೂ ಸಂಗೀತವೇ ವಸ್ತುವಾದುದು ಸಹಜವೇ ಸರಿ.

ಹಳೆಯ ಕೋಟೆಯ ಗೋಡೆಗೆ ಸೇರಿದ ಗೋಪುರಗಳಲ್ಲಿ ‘ಗಿಣ್ಣುಗೋಪುರ’ವೆಂದು ಹೆಸರಾದುದನ್ನು ಸುಮಾರು 120 ಮೆಟ್ಟಿಲು ಹತ್ತಿ ಏರಬಹುದು, ಮೇಲಿನಿಂದ ಇಡೀ ಊರಿನ ವಿನ್ಯಾಸ ಕಣ್ಣಿಗೆ ಬೀಳುತ್ತದೆ. ಅಧಿಪತಿಗಳ ಅರಮನೆಗಳಲ್ಲಿ ಒಂದು ಈಗ ವಸ್ತುಸಂಗ್ರಹಾಲಯ, ಇನ್ನೊಂದು ಪುರಸಭೆಯ ಕಛೇರಿ. ಹದಿನೆಂಟನೆಯ ಶತಮಾನದಲ್ಲಿ ಮರಳಿ ಕಟ್ಟಿದ ಮಠದ ವಸತಿಭಾಗದಲ್ಲಿ 1901ರಿಂದ ಎಂಜಿನಿಯರಿಂಗ್ ವಿದ್ಯಾಲಯವೊಂದು ನಡೆಯುತ್ತಿದೆ. ಸನ್ಯಾಸಿಗಳು ಮೌನವಾಗಿ ಸುಳಿದಾಡಿದ ಮೊಗಸಾಲೆಗಳಲ್ಲಿ ಈಗ ವಿದ್ಯಾರ್ಥಿಗಳ ಕಲರವ.

ಊರ ಮನೆಗಳೇ ವಸ್ತುಸಂಗ್ರಹಾಲಯ

ಕ್ಲೂನಿಗೆ ಬಂದವರು ಮಠವನ್ನು ಮಾತ್ರ ನೋಡಿ ಹೋಗಬಾರದು. ಅಲ್ಲಿನ ಬೀದಿಗಳಲ್ಲಿ ಹನ್ನೆರಡು ಮತ್ತು ಹದಿಮೂರನೆಯ ಶತಮಾನದ ಮನೆಗಳ ಭಾಗಗಳು ನೂರಕ್ಕೂ ಮಿಕ್ಕು ಉಳಿದಿವೆ. ಕೆಳಗೆ ದೊಡ್ಡ ಕಮಾನಿನ ಬಾಗಿಲು, ಅದು ಅಂಗಡಿ ಅಥವಾ ಕಸುಬಿನ ಮನೆ. ಪಕ್ಕದ ಚಿಕ್ಕ ಬಾಗಿಲಿನಿಂದ ಮೇಲಕ್ಕೆ ಮೆಟ್ಟಿಲು. ಮೇಲೆ ಸಣ್ಣ ಕಂಬಗಳ ಸಾಲಿನ ಕಿಟಕಿಗಳುಳ್ಳ ವಾಸದ ಕೋಣೆ. ಮಠವನ್ನು ಕಟ್ಟಿದ ಕಲ್ಲುಕುಟಿಗರು, ಅದಕ್ಕೆ ದಿನಸಿ ಒದಗಿಸಿದ ವರ್ತಕರು ಬಾಳಿದ ಬಗೆ ಇಲ್ಲಿ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಇಂದಿಗೂ ಸಂಸಾರಗಳು ವಾಸವಾಗಿವೆ. ಜೋಸೆಫೀನ್ ರಾಣಿಯ ಚಿತ್ರವನ್ನು ಬರೆದು ಪ್ರಸಿದ್ಧನಾದ ಕಲಾವಿದ ಪ್ರೂದೋನ್ 1758ರಲ್ಲಿ ಈ ಊರಿನ ಒಬ್ಬ ಕಲ್ಲುಕುಟಿಗನ ಮಗನಾಗಿ ಹುಟ್ಟಿದವನು. ಅವನ ಮೊದಲ ಪಾಠಗಳು ಮಠದ ಸನ್ಯಾಸಿಗಳಲ್ಲೇ ಆದವು.

ಊರಿಗೆ ಈಚಿನ ನೋವಿನ ನೆನಪೂ ಇದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಆಕ್ರಮಣವನ್ನು ಪ್ರತಿಭಟಿಸಿದ ಕಾರಣಕ್ಕೆ 1944ರ ಫೆಬ್ರವರಿ 14ರಂದು ಇಲ್ಲಿನ ಅನೇಕ ಗಂಡಸರು ಹೆಂಗಸರನ್ನು ಹಿಡಿದು ಯಾತನಾಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಎಷ್ಟೋ ಮಂದಿ ಹಿಂದಿರುಗಲಿಲ್ಲ.

ಮರಳಿ ಹುಡುಕಿದವರು

ಕಳೆದುಹೋದುದನ್ನು ಮತ್ತೆ ಅರಿಯುವ ಕೆಲಸ ಹತ್ತೊಂಬತ್ತನೆಯ ಶತಮಾನದಲ್ಲೇ ಆರಂಭವಾಯಿತು. ಬೆಂಕಿಯಿಂದ ಉಳಿದ ದಾನಪತ್ರಗಳನ್ನು ವಿದ್ವಾಂಸರು 1876ರಿಂದ 1903ರವರೆಗೆ ಆರು ಸಂಪುಟಗಳಲ್ಲಿ ಮುದ್ರಿಸಿದರು. 1881ರಲ್ಲಿ ಮಠದ ಉಳಿದ ಹಸ್ತಪ್ರತಿಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿದವು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೆನೆತ್ ಕೋನಂಟ್ 1928ರಿಂದ 1950ರವರೆಗೆ ಇಲ್ಲಿ ಉತ್ಖನನ ನಡೆಸಿ, ನೆಲದಡಿಯ ಅಸ್ತಿಭಾರಗಳನ್ನು ಅಳೆದು ಮಹಾಚರ್ಚಿನ ನಕ್ಷೆಯನ್ನು ಮರಳಿ ರೂಪಿಸಿದನು. ಮಠ ಹುಟ್ಟಿ 1,100 ವರ್ಷ ತುಂಬಿದ 2010ರಲ್ಲಿ, ಅದೇ ಆವರಣದ ಎಂಜಿನಿಯರಿಂಗ್ ವಿದ್ಯಾಲಯದವರ ಪರಿಶ್ರಮದಿಂದ, ಕಂಪ್ಯೂಟರಿನ ನೆರವಿನಿಂದ ಇಡೀ ಚರ್ಚನ್ನು ಚಲಚ್ಚಿತ್ರವಾಗಿ ಕಣ್ಣೆದುರು ನಿಲ್ಲಿಸಲಾಯಿತು.

ನೆಲ ಇನ್ನೂ ಕೊಡುತ್ತಲೇ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಮಠದ ಆವರಣದಲ್ಲಿ ಅಗೆಯುತ್ತಿದ್ದಾಗ 2,200ಕ್ಕೂ ಹೆಚ್ಚು ಬೆಳ್ಳಿಯ ನಾಣ್ಯಗಳೂ, ತೊಗಲಿನ ಚೀಲದಲ್ಲಿ ಸುತ್ತಿಟ್ಟ 21 ಚಿನ್ನದ ದೀನಾರುಗಳೂ, ಒಂದು ಮುದ್ರೆಯುಂಗುರವೂ ದೊರೆತವು. ದೀನಾರುಗಳು ಹನ್ನೆರಡನೆಯ ಶತಮಾನದ ಆದಿಯಲ್ಲಿ ಸ್ಪೇನ್ ಮತ್ತು ಮೊರಾಕೊಗಳಲ್ಲಿ ಟಂಕಿಸಿದವು. ಯಾವ ಸಂಕಟದಲ್ಲಿ ಯಾರು ಅವನ್ನು ಹೂತಿಟ್ಟರೋ ನೆಲಕ್ಕೆ ಮಾತ್ರ ಗೊತ್ತು.

ಒಡೆದುಹೋದ ಕುಟುಂಬವೂ ಮತ್ತೆ ಕೂಡತೊಡಗಿದೆ. 1994ರಲ್ಲಿ ಹಳೆಯ ಶಾಖಾಮಠಗಳಿದ್ದ ಊರುಗಳು ಸೇರಿ ಒಂದು ಒಕ್ಕೂಟವನ್ನು ಕಟ್ಟಿಕೊಂಡವು. ಈ ಊರುಗಳ ಸರಣಿಯನ್ನು ಯೂರೋಪಿನ ಪರಿಷತ್ತು 2005ರಲ್ಲಿ ಸಾಂಸ್ಕೃತಿಕ ಪಥವೆಂದು ಮಾನ್ಯಮಾಡಿತು.

ಸುತ್ತಮುತ್ತ

ಸಮಯವಿದ್ದವರು ಹತ್ತು ಹನ್ನೆರಡು ಕಿಲೋಮೀಟರ್ ದೂರದ ಬೆರ್ಜೆ ಲಾ ವಿಲ್ ಎಂಬ ಹಳ್ಳಿಗೆ ಹೋಗಬೇಕು. ಹ್ಯೂ ತನ್ನ ಮುಪ್ಪಿನಲ್ಲಿ ವಿಶ್ರಾಂತಿಗೆ ಬರುತ್ತಿದ್ದ ತಾಣವದು. ಅಲ್ಲಿನ ಪುಟ್ಟ ಪ್ರಾರ್ಥನಾಮಂದಿರದ ಗೋಡೆಗಳ ಮೇಲೆ ಹನ್ನೆರಡನೆಯ ಶತಮಾನದ ವರ್ಣಚಿತ್ರಗಳಿವೆ. ಯಾವ ಕಾಲದಲ್ಲೋ ಅವುಗಳ ಮೇಲೆ ಸುಣ್ಣ ಬಳಿದಿದ್ದರು. 1887ರಲ್ಲಿ ಊರ ಪಾದ್ರಿಯವರು ಆ ಸುಣ್ಣದಡಿಯ ಬಣ್ಣವನ್ನು ಕಂಡುಹಿಡಿದರು. ಮಹಾಚರ್ಚಿನ ಚಿತ್ರಗಳು ಹೇಗಿದ್ದವೆಂದು ಊಹಿಸಲು ಇಂದು ನಮಗಿರುವ ಒಳ್ಳೆಯ ಆಧಾರ ಇವೇ. ಉತ್ತರಕ್ಕೆ ಹತ್ತು ಕಿಲೋಮೀಟರ್ ದೂರದಲ್ಲಿ ತೇಜೇ ಎಂಬ ಹಳ್ಳಿ. 1940ರಲ್ಲಿ ಬ್ರದರ್ ರೋಜರ್ ಅಲ್ಲಿ ನೆಲಸಿ, ನಾನಾ ಪಂಥದ ಕ್ರೈಸ್ತರು ಒಂದಾಗಿ ಬಾಳುವ ಆಶ್ರಮಕ್ಕೆ ನಾಂದಿ ಹಾಡಿದರು. ಪ್ರತಿವರ್ಷ ಸಾವಿರಾರು ತರುಣ ತರುಣಿಯರು ಅಲ್ಲಿಗೆ ಬಂದು ಕೆಲವು ದಿನ ಪ್ರಾರ್ಥನೆ, ಮೌನ, ಸರಳ ಊಟಗಳಲ್ಲಿ ಕಳೆಯುತ್ತಾರೆ. ಮಹಾಮಠ ಅಳಿದರೂ ಆ ಸೀಮೆಯಲ್ಲಿ ಸ್ತೋತ್ರಗಾನ ನಿಂತಿಲ್ಲ.

ಕ್ಲೂನಿಯ ಮಠ ಬೆಳೆದುದು ಯಾರ ಸ್ವತ್ತೂ ಅಲ್ಲವೆಂಬ ಷರತ್ತಿನಿಂದ, ಬಾಗಿಲಿಗೆ ಬಂದವನಿಗೆ ಅನ್ನ ನೀಡಬೇಕೆಂಬ ನಿಯಮದಿಂದ. ಅದು ಕೆಲವರ ಸ್ವತ್ತಾಗಿ, ಅನ್ನದ ಬಾಗಿಲು ಕಿರಿದಾದ ಮೇಲೆ, ಮೂವತ್ತು ಮೀಟರ್ ಎತ್ತರದ ಕಮಾನುಗಳೂ ಅದನ್ನು ಉಳಿಸಲಿಲ್ಲ. ಅತ್ತ ಬೀದಿಬದಿಯ ಮನೆಗಳು ಎಂಟುನೂರು ವರ್ಷ ಬಾಳಿ ನಿಂತಿವೆ. ಏಕೆಂದರೆ ಅವುಗಳಲ್ಲಿ ಜನರು ವಾಸಮಾಡಿದರು, ಮಳೆಗಾಲಕ್ಕೆ ಮುಂಚೆ ಹೆಂಚು ಸರಿಪಡಿಸಿದರು, ಮಕ್ಕಳಿಗೆ ಬಿಟ್ಟುಹೋದರು. ಪೂರ್ವಜರಿಂದ ಬಂದ ಸ್ಥಳಗಳು ಹೊರಗಿನವರ ದಾಳಿಯಿಂದಷ್ಟೇ ಹಾಳಾಗುತ್ತವೆಂದು ನಂಬಿರುವವರು ಈ ಊರಿನ ಬೀದಿಗಳಲ್ಲಿ ಒಮ್ಮೆ ನಡೆದಾಡಿ ಬಂದರೆ ಒಳ್ಳೆಯದು.